ಮನೆ ವ್ಯಾಲ್ಯುಯೇಷನ್ ಬೇಗ ಮುಗಿಯಬೇಕಾ? ಎರಡನೇ ಸಲ ಯಾರೂ ಬರದಂತೆ ನೋಡಿಕೊಳ್ಳಿ

ನಾನು ಸಾಲ ಮಾಡಿ ಕೊಳ್ಳಲು ಹೊರಟಿದ್ದ ಮನೆಯನ್ನು ವ್ಯಾಲ್ಯುಯರ್, ಅಂದರೆ ಬ್ಯಾಂಕಿನ ಪರವಾಗಿ ಮನೆಗೆ ಬೆಲೆ ಕಟ್ಟುವವರು, ನೋಡಿದ್ದು 40 ನಿಮಿಷ. ರಿಪೋರ್ಟ್ ಬ್ಯಾಂಕಿನ ಕೈ ಸೇರಿದ್ದು 23ನೇ ದಿನ.

ಮಧ್ಯದಲ್ಲಿ ಏನಾಯ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಅರ್ಜಿಯಲ್ಲಿ ಮಾರುವವರ ಹಳೇ ಫೋನ್ ನಂಬರ್ ಇತ್ತು. ಅದಕ್ಕೆ ಐದು ದಿನ ಹೋಯ್ತು. ಬಂದವರು ಮನೆಯೆಲ್ಲ ನೋಡಿದರು, ಮಹಡಿ ಮೇಲಿನ ಒಂದು ಕೋಣೆಗೆ ಮಾತ್ರ ಬೀಗ. ಕೀ ಬಾಡಿಗೆಯವರ ಹತ್ತಿರ, ಅವರು ಊರಲ್ಲಿ ಇಲ್ಲ. ಮತ್ತೆ ಬರುವ ಹೊತ್ತಿಗೆ ಒಂಬತ್ತು ದಿನ. ಕೊನೆಗೆ ನಕ್ಷೆಯಲ್ಲಿ ಎರಡು ಬೆಡ್‌ರೂಮ್, ಮನೆಯಲ್ಲಿ ಮೂರು ಯಾಕೆ ಅಂತ ಬ್ಯಾಂಕಿನಿಂದ ಪ್ರಶ್ನೆ. ಅದಕ್ಕೆ ನಾಲ್ಕು ದಿನ. ಒಟ್ಟು 18 ದಿನ ನಮ್ಮ ಫೈಲು ಯಾರದೋ ಉತ್ತರಕ್ಕೆ ಕಾಯುತ್ತಾ ಸುಮ್ನೆ ಕೂತಿತ್ತು. ನಿಜವಾಗಿ ಕೆಲಸ ನಡೆದದ್ದು ಐದೇ ದಿನ.

ಆ ಐದು ದಿನವನ್ನು ನೀವು ಮೂರು ಮಾಡೋಕೆ ಆಗುವುದಿಲ್ಲ, ಬಿಡಿ. ಆ 18 ದಿನದ ಮೇಲೆ ಮಾತ್ರ ನಿಮಗೆ ಹಿಡಿತ ಇದೆ. ಕೆಳಗೆ ಬರೆದಿರುವುದೆಲ್ಲ ಅದರ ಬಗ್ಗೆಯೇ.

ಫೈಲು ಎಲ್ಲೆಲ್ಲಿ ನಿಲ್ಲುತ್ತದೆ

ಸಾಲ ಕೊಡುವವರು ಮೊದಲು ವ್ಯಾಲ್ಯುಯೇಷನ್‌ಗೆ ಆರ್ಡರ್ ಹಾಕುತ್ತಾರೆ. ಅದು ನೇರ ಒಬ್ಬ ವ್ಯಾಲ್ಯುಯರ್‌ಗೆ ಹೋಗಬಹುದು, ಇಲ್ಲವೇ ನಡುವೆ ಒಂದು ಏಜೆನ್ಸಿ ಇರಬಹುದು. ವ್ಯಾಲ್ಯುಯರ್ ಒಪ್ಪಿಕೊಂಡು, ಫೋನ್ ಮಾಡಿ, ದಿನ ಗೊತ್ತುಮಾಡಿಕೊಂಡು, ಮನೆ ನೋಡಿ, ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ಮನೆಗಳ ಜೊತೆ ಹೋಲಿಸಿ, ರಿಪೋರ್ಟ್ ಬರೆಯಬೇಕು. ಆಮೇಲೆ ಬ್ಯಾಂಕಿನೊಳಗೆ ಇನ್ನೊಬ್ಬರು ಅದನ್ನು ಓದುತ್ತಾರೆ. ಅನುಮಾನ ಬಂದರೆ ವಾಪಸ್ ಕಳಿಸುತ್ತಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗದಲ್ಲೇ ತಡ ಆಗುವುದು, ಕೆಲಸ ಮಾಡುವ ಜಾಗದಲ್ಲಿ ಅಲ್ಲ.

ಹೆಜ್ಜೆ 1: ಅರ್ಜಿ ಹಾಕಿದ ದಿನವೇ ಬ್ಯಾಂಕಿನವರಿಗೆ ನಾಲ್ಕು ಪ್ರಶ್ನೆ ಕೇಳಿ

ಆರ್ಡರ್ ಯಾವತ್ತು ಹೋಗುತ್ತದೆ? ಇದು ಮೊದಲ ಪ್ರಶ್ನೆ. ಅರ್ಜಿ ಕೊಟ್ಟ ತಕ್ಷಣ ಆರ್ಡರ್ ಹೋಗಿದೆ ಅಂತ ನಾವು ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಶುಲ್ಕ ಕಟ್ಟಿಲ್ಲ ಅಂತಲೋ, ಸಂಬಳದ ಒಂದು ಕಾಗದ ಬಾಕಿ ಇದೆ ಅಂತಲೋ ಅದು ಹೋಗಿಯೇ ಇರುವುದಿಲ್ಲ. ಏನು ಬಾಕಿ ಇದೆ ಅಂತ ಕೇಳಿ, ಅವತ್ತೇ ಕೊಟ್ಟುಬಿಡಿ. ಶುಲ್ಕವನ್ನೂ ಅವತ್ತೇ ಕಟ್ಟಿ.

ಎರಡನೆಯದು, ಯಾರಾದರೂ ಮನೆಗೆ ಬರಲೇಬೇಕಾ? ಎಲ್ಲ ಸಾಲಕ್ಕೂ ಪೂರ್ತಿ ತಪಾಸಣೆ ಬೇಕಾಗುವುದಿಲ್ಲ. ಕೆಲವು ಕಡೆ ಕೂತಲ್ಲೇ ದಾಖಲೆ ನೋಡಿ ಬೆಲೆ ಕಟ್ಟುತ್ತಾರೆ, ಕೆಲವು ಕಡೆ ಹೊರಗಿನಿಂದ ನೋಡಿ ಹೋಗುತ್ತಾರೆ, ಕೆಲವು ಕಡೆ ಕಂಪ್ಯೂಟರ್ ಲೆಕ್ಕವೇ ಸಾಕು. ಅಮೆರಿಕದಲ್ಲಿ ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಸಂಸ್ಥೆಗಳಾದ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ 2022ರಿಂದ ಕೆಲವು ಬಗೆಯ ಸಾಲಗಳಿಗೆ ಮನೆಗೆ ಬಾರದೇ ಮಾಡುವ ಡೆಸ್ಕ್‌ಟಾಪ್ ವ್ಯಾಲ್ಯುಯೇಷನ್ ಒಪ್ಪುತ್ತಿವೆ. ನಿಮ್ಮ ಕೈಯಿಂದ ಹಾಕುವ ಹಣ ಜಾಸ್ತಿ ಇದ್ದು, ಮನೆ ಸುತ್ತಲಿನ ಮನೆಗಳ ಹಾಗೇ ಇದ್ದರೆ ಈ ದಾರಿ ಸಿಗುವ ಸಾಧ್ಯತೆ ಹೆಚ್ಚು. ಆದರೆ ಒಂದು ಮಾತು: ಒಳಗೆ ನೀವು ತುಂಬಾ ಕೆಲಸ ಮಾಡಿಸಿದ್ದರೆ ಅದು ಕಂಪ್ಯೂಟರ್‌ಗೆ ಕಾಣುವುದಿಲ್ಲ. ಬೇಗ ಮುಗಿಯುತ್ತದೆ, ಬೆಲೆ ಕಮ್ಮಿ ಬರಬಹುದು. ಯಾವುದು ಬೇಕು ಅಂತ ನೀವೇ ತೂಗಿ ನೋಡಿ.

ಮೂರನೆಯದು, ರಿಪೋರ್ಟ್ ಬಂದ ಮೇಲೆ ನಿಮ್ಮಲ್ಲಿ ಪರಿಶೀಲನೆಗೆ ಎಷ್ಟು ದಿನ ಬೇಕು? ನಾಲ್ಕನೆಯದು, ವ್ಯಾಲ್ಯುಯರ್ ಫೋನ್ ಮಾಡುವುದು ಯಾರಿಗೆ?

ಈ ನಾಲ್ಕನೆಯದಕ್ಕೆ ಉತ್ತರ ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ. ಅರ್ಜಿಯಲ್ಲಿ ಬರೆದಿರುವ ನಂಬರ್ ತೋರಿಸಿ ಅನ್ನಿ. ಅಂಕಿ ಅಂಕಿಯಾಗಿ ಓದಿ. ಎರಡನೇ ನಂಬರ್ ಒಂದು ಸೇರಿಸಿ, ಮನೆಯಲ್ಲಿ ಹಗಲು ಹೊತ್ತು ಇರುವವರದ್ದು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತದವರು ನಾವೆಲ್ಲ, ಅಲ್ವಾ? ಆ ಒಂದು ವಾರ ಮಾತ್ರ ಎತ್ತಿ.

ಅವಸರ ಅಂತ ನೀವೇ ಖಾಸಗಿಯಾಗಿ ಯಾರನ್ನೋ ಕರೆಸಿ ರಿಪೋರ್ಟ್ ಮಾಡಿಸಿ ಬ್ಯಾಂಕಿಗೆ ಕೊಡುವ ಯೋಚನೆ ಇದ್ದರೆ ಮೊದಲು ಕೇಳಿಕೊಳ್ಳಿ. ಸಾಮಾನ್ಯವಾಗಿ ಬ್ಯಾಂಕುಗಳು ತಾವು ಕಳಿಸಿದವರ ರಿಪೋರ್ಟ್ ಮಾತ್ರ ನಂಬುತ್ತವೆ. ನಿಮ್ಮ ದುಡ್ಡೂ ಹೋಯ್ತು, ದಿನವೂ ಹೋಯ್ತು.

ಹೆಜ್ಜೆ 2: ಕಾಗದ ಒಂದು, ಗೋಡೆ ಇನ್ನೊಂದು ಹೇಳಬಾರದು

ಸುಮ್ನೆ ದಿನ ತಿನ್ನುವುದರಲ್ಲಿ ಇದೂ ಒಂದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕ್ರಯಪತ್ರ, ಮಂಜೂರಾದ ನಕ್ಷೆ, ಇತ್ತೀಚಿನ ತೆರಿಗೆ ರಸೀದಿ, ಆಮೇಲೆ ಏನಾದರೂ ಸೇರಿಸಿ ಕಟ್ಟಿದ್ದರೆ ಅದರ ಅನುಮತಿ, ಬಾಡಿಗೆಗೆ ಇದ್ದರೆ ಕರಾರು, ಫ್ಲ್ಯಾಟ್ ಆದರೆ ಪಾರ್ಕಿಂಗ್ ಜಾಗದ ಕಾಗದ ಮತ್ತು ತಿಂಗಳ ನಿರ್ವಹಣಾ ಶುಲ್ಕದ ವಿವರ. ಇಷ್ಟನ್ನೂ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿ. ಹತ್ತು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹತ್ತು ಸಲ ಕಳಿಸಿದರೆ ಅದರಲ್ಲಿ ನಾಲ್ಕು ಎಲ್ಲೋ ಕಳೆದುಹೋಗುತ್ತವೆ, ಆಮೇಲೆ 'ನಕ್ಷೆಯ ಎರಡನೇ ಪುಟ ಬಂದಿಲ್ಲ' ಅಂತ ಮೂರು ದಿನ ಬಿಟ್ಟು ಮೆಸೇಜ್ ಬರುತ್ತದೆ.

ಪಿಡಿಎಫ್ ಆದ ಮೇಲೆ ನಕ್ಷೆ ಕೈಯಲ್ಲಿ ಹಿಡಿದು ಮನೆಯೊಳಗೆ ಒಂದು ಸುತ್ತು ಹಾಕಿ. ನಾನು ಇದನ್ನು ಮೊದಲೇ ಮಾಡಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು. ನಕ್ಷೆಯಲ್ಲಿ ಬಾಲ್ಕನಿ ಅಂತ ಇರುವ ಜಾಗದಲ್ಲಿ ಈಗ ಕಿಟಕಿ ಹಾಕಿ ಕೋಣೆ ಮಾಡಿದ್ದಾರಾ? ಮೆಟ್ಟಿಲು ಇದ್ದ ಕಡೆಯೇ ಇದೆಯಾ? ತಾರಸಿ ಮೇಲೆ ನಕ್ಷೆಯಲ್ಲಿಲ್ಲದ ಒಂದು ಕೋಣೆ ಎದ್ದಿದೆಯಾ? ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಅಂತಿದ್ದು, ಹೊರಗೆ ನಿಂತು ನೋಡಿದರೆ ಪಶ್ಚಿಮಕ್ಕೆ ರಸ್ತೆ ಇದೆಯಾ? ಮನೆ ನಂಬರ್ ಬದಲಾಗಿ, ಒಂದು ಕಾಗದದಲ್ಲಿ ಹಳೇದು ಇನ್ನೊಂದರಲ್ಲಿ ಹೊಸದು ಇದೆಯಾ?

ವ್ಯತ್ಯಾಸ ಸಿಕ್ಕರೆ ಮುಚ್ಚಿಡಬೇಡಿ. ವ್ಯಾಲ್ಯುಯರ್ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ, ಅವರ ಕೆಲಸವೇ ಅದು. ಒಂದು ಪುಟದಲ್ಲಿ ನೇರವಾಗಿ ಬರೆಯಿರಿ: ಹಿಂದಿನ ಬಾಲ್ಕನಿಯನ್ನು ಇಂಥ ವರ್ಷ ಮುಚ್ಚಿ ಕೋಣೆ ಮಾಡಲಾಗಿದೆ, ಅನುಮತಿ ಇದೆ, ಪ್ರತಿ ಲಗತ್ತಿಸಿದೆ. ಇಲ್ಲದಿದ್ದರೆ ಅನುಮತಿ ಇಲ್ಲ ಅಂತಲೇ ಬರೆಯಿರಿ. ಅನುಮತಿ ಇಲ್ಲದ ಭಾಗಕ್ಕೆ ಬೆಲೆ ಸಿಗದೇ ಹೋಗಬಹುದು. ಆದರೆ ಅದು ಮೊದಲ ದಿನ ಗೊತ್ತಾಗುವುದಕ್ಕೂ ಇಪ್ಪತ್ತನೇ ದಿನ ಗೊತ್ತಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಅಳತೆಯ ಗೊಂದಲ ಇನ್ನೊಂದು. ಒಳಗಿನಿಂದ 9 ಮೀಟರ್ ಅಗಲ, 12 ಮೀಟರ್ ಉದ್ದ ಇರುವ ಮನೆ ಅಂತಿಟ್ಟುಕೊಳ್ಳಿ. 108 ಚದರ ಮೀಟರ್. ಹೊರಗೋಡೆ 23 ಸೆಂಟಿಮೀಟರ್ ದಪ್ಪ ಇದ್ದರೆ ಹೊರಗಿನ ಅಳತೆ 9.46 ಮತ್ತು 12.46 ಆಗುತ್ತದೆ. ಗುಣಿಸಿದರೆ ಹತ್ತಿರ ಹತ್ತಿರ 118 ಚದರ ಮೀಟರ್. ಗೋಡೆಯೊಳಗೇ ಹತ್ತಿರ ಹತ್ತಿರ 10 ಚದರ ಮೀಟರ್, ಅಂದರೆ ಸುಮಾರು 106 ಚದರ ಅಡಿ! ಒಂದು ಸಣ್ಣ ಕೋಣೆ. ಒಂದೇ ಮನೆ, ಎರಡು ಲೆಕ್ಕ, ಎರಡೂ ಸರಿ. ಅದಕ್ಕೇ ಎಲ್ಲ ಕಡೆ ಅಳತೆಗೆ ಒಂದು ನಿಯಮ ಇಟ್ಟುಕೊಳ್ಳಲು ನೋಡುತ್ತಾರೆ. ಫ್ಯಾನಿ ಮೇ 2022ರ ಏಪ್ರಿಲ್ 1ರಿಂದ ಬಿಡಿ ಮನೆಗಳಿಗೆ ಅಲ್ಲಿನ ಮಾನಕ ಸಂಸ್ಥೆಯಾದ ಎಎನ್‌ಎಸ್‌ಐ ಅಳತೆ ಪದ್ಧತಿಯನ್ನೇ ಬಳಸಬೇಕು ಅಂತ ಮಾಡಿತು. ಅದರಲ್ಲಿ ನೆಲಮಟ್ಟಕ್ಕಿಂತ ಕೆಳಗಿರುವ ಕೋಣೆಯನ್ನು ಮುಖ್ಯ ಲೆಕ್ಕಕ್ಕೆ ಸೇರಿಸುವುದಿಲ್ಲ. ನೀವು ಮಾಡಬೇಕಾದ್ದು ಇಷ್ಟೇ: ನಿಮ್ಮ ಕಾಗದದಲ್ಲಿರುವ ಅಂಕಿ ಒಳ ಅಳತೆಯೋ, ಹೊರ ಅಳತೆಯೋ, ಇಲ್ಲವೇ ಮೆಟ್ಟಿಲು ಕಾರಿಡಾರ್ ಎಲ್ಲ ಸೇರಿಸಿದ್ದೋ ತಿಳಿದುಕೊಂಡು, ಅಂಕಿಯ ಪಕ್ಕದಲ್ಲಿ ಅದನ್ನು ಬರೆದಿಡಿ.

ಹೆಜ್ಜೆ 3: ಯಾವ ರಿಪೇರಿ ಮಾಡಿಸಬೇಕು, ಯಾವುದು ಬೇಡ

ಸುಣ್ಣಬಣ್ಣಕ್ಕೆ ಓಡಬೇಡಿ. ಅದಕ್ಕೆ ಎರಡು ವಾರ ಹೋಗುತ್ತದೆ, ನೀವು ಓದುತ್ತಿರುವುದು ಬೇಗ ಮುಗಿಸುವುದು ಹೇಗೆ ಅಂತ.

ನೋಡಬೇಕಾದ್ದು ಬೇರೆ. ವ್ಯಾಲ್ಯುಯರ್ ಕೆಲವೊಮ್ಮೆ 'ಇದು ಸರಿಯಾದರೆ ಮಾತ್ರ ಈ ಬೆಲೆ' ಅಂತ ಷರತ್ತು ಹಾಕಿ ರಿಪೋರ್ಟ್ ಕೊಡುತ್ತಾರೆ. ಷರತ್ತು ಬಿತ್ತು ಅಂದರೆ ಸರಿ ಮಾಡಿಸಬೇಕು, ಇನ್ನೊಮ್ಮೆ ಬರಬೇಕು, ಇನ್ನೊಮ್ಮೆ ಶುಲ್ಕ. ಸಾಮಾನ್ಯವಾಗಿ ಷರತ್ತು ಬೀಳುವುದು ಸುರಕ್ಷತೆಯ ವಿಷಯಕ್ಕೆ: ಹೊರಗೆ ಕಾಣುವ ಕರೆಂಟ್ ವೈರು, ಕಂಬಿ ಇಲ್ಲದ ಮೆಟ್ಟಿಲು, ಒಡೆದ ಕಿಟಕಿ ಗಾಜು, ಸೋರುವ ಚಾವಣಿ, ನೀರು ಬಾರದ ನಲ್ಲಿ. ಇವುಗಳಲ್ಲಿ ಬಹಳಷ್ಟು ಒಂದು ದಿನದ ಕೆಲಸ. ಖಾಲಿ ಮನೆ ಆಗಿದ್ದರೆ ಕರೆಂಟು ನೀರು ಎರಡೂ ಬರುತ್ತಿರಬೇಕು. ಕತ್ತಲ ಮನೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ ಹೋದವರು ಒಳ್ಳೆಯ ರಿಪೋರ್ಟ್ ಬರೆಯುತ್ತಾರೆ ಅಂತ ಹೇಗೆ ನಿರೀಕ್ಷಿಸುತ್ತೀರಿ?

ಹೊಸದಾಗಿ ಕಟ್ಟುತ್ತಿರುವ ಮನೆಗೆ ಎರಡನೇ ಭೇಟಿ ತಪ್ಪುವುದಿಲ್ಲ. ಅಲ್ಲಿ ಒಂದೇ ಕೆಲಸ: ಕೆಲಸ ಮುಗಿಯುವ ಮುಂಚೆಯೇ ಮುಗಿದಿದೆ ಅಂತ ಹೇಳಿ ಕರೆಸಬೇಡಿ.

ಹೆಜ್ಜೆ 4: ವ್ಯಾಲ್ಯುಯರ್ ಕೈಗೆ ಕೊಡಲು ಎರಡು ಹಾಳೆ

ಮೊದಲ ಹಾಳೆ, ಮನೆಗೆ ಮಾಡಿಸಿದ ಕೆಲಸಗಳದ್ದು. ಏನು, ಯಾವ ವರ್ಷ, ಬಿಲ್ ಇದೆಯಾ. ಪೈಪ್ ಬದಲಾಯಿಸಿದ್ದು, ವೈರಿಂಗ್ ಹೊಸದು ಮಾಡಿಸಿದ್ದು, ತಾರಸಿಗೆ ವಾಟರ್‌ಪ್ರೂಫಿಂಗ್ ಹಾಕಿಸಿದ್ದು, ಇಂಥವನ್ನು ಮೊದಲು ಬರೆಯಿರಿ, ಯಾಕಂದರೆ ಇವು ಕಣ್ಣಿಗೆ ಕಾಣುವುದಿಲ್ಲ. ಅಡುಗೆಮನೆಯ ಹೊಸ ಕಟ್ಟೆ ಹೇಗೂ ಕಾಣುತ್ತದೆ. ಖರ್ಚು ಮಾಡಿದಷ್ಟೂ ಬೆಲೆಗೆ ಸೇರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ, ಹಾಗೆ ಆಗುವುದು ಅಪರೂಪ.

ಎರಡನೇ ಹಾಳೆ, ಸುತ್ತಮುತ್ತಲಿನ ಮಾರಾಟದ್ದು. ಮನೆಗೆ ಬೆಲೆ ಕಟ್ಟಲು ಮೂರು ದಾರಿ ಇವೆ: ಹತ್ತಿರದಲ್ಲಿ ಮಾರಾಟವಾದ ಇಂಥದ್ದೇ ಮನೆಗಳ ಜೊತೆ ಹೋಲಿಸುವುದು, ಜಾಗದ ಬೆಲೆಗೆ ಕಟ್ಟಡದ ಖರ್ಚು ಸೇರಿಸಿ ಸವಕಳಿ ಕಳೆಯುವುದು, ಬರುವ ಬಾಡಿಗೆಯಿಂದ ಲೆಕ್ಕ ಹಾಕುವುದು. ವಾಸದ ಮನೆಗೆ ಹೆಚ್ಚಾಗಿ ಮೊದಲನೆಯದೇ. ಹಾಗಾಗಿ ಹೋಲಿಸಲು ಸರಿಯಾದ ಮನೆ ಸಿಗದಿದ್ದರೆ ವ್ಯಾಲ್ಯುಯರ್ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹಳ್ಳಿ ಕಡೆ, ಬೇರೆ ಥರದ ಮನೆಗಳಿರುವ ಬೀದಿಯಲ್ಲಿ ಇದು ಜಾಸ್ತಿ.

ಮೂರರಿಂದ ಐದು ಮನೆ ಸಾಕು. ವಿಳಾಸ, ಅಳತೆ, ಮಾರಾಟದ ತಿಂಗಳು, ನಿಮ್ಮ ಮನೆಯಿಂದ ಎಷ್ಟು ದೂರ, ಯಾವ ವಿಷಯದಲ್ಲಿ ಬೇರೆ. ಕಳೆದ ಆರು ತಿಂಗಳ ಒಳಗಿನದ್ದಾದರೆ ಒಳ್ಳೆಯದು. ಜಾಹೀರಾತಿನಲ್ಲಿ ಕೇಳಿದ ಬೆಲೆಯನ್ನು ಬರೆಯಬೇಡಿ, ಅದು ಕೇಳಿದ ಬೆಲೆ, ಸಿಕ್ಕಿದ ಬೆಲೆ ಅಲ್ಲ. ಬೀದಿಯಲ್ಲಿ ಒಂದು ಮನೆ ತೀರಾ ಕಮ್ಮಿಗೆ ಹೋಗಿದ್ದು, ಅದು ಅಣ್ಣ ತಮ್ಮನಿಗೆ ಮಾರಿದ್ದು ಅಂತ ನಿಮಗೆ ಗೊತ್ತಿದ್ದರೆ ಅದನ್ನೂ ಒಂದು ಸಾಲು ಬರೆಯಿರಿ. ದಾಖಲೆಯಲ್ಲಿ ಅಂಕಿ ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ.

ಇಲ್ಲೊಂದು ಗೆರೆ ಇದೆ. ಮಾಹಿತಿ ಕೊಡಬಹುದು. 'ಇಷ್ಟು ಬಂದರೆ ನಮ್ಮ ಸಾಲ ಆಗುತ್ತೆ, ಸ್ವಲ್ಪ ನೋಡಿ' ಅನ್ನಬಾರದು. ದುಡ್ಡಿನ ಮಾತಂತೂ ಬೇಡವೇ ಬೇಡ. 2008ರ ಆರ್ಥಿಕ ಕುಸಿತಕ್ಕೆ ಮುಂಚೆ ಬೇಕಾದ ಬೆಲೆ ಬರೆಯುವಂತೆ ವ್ಯಾಲ್ಯುಯರ್‌ಗಳ ಮೇಲೆ ಒತ್ತಡ ಇತ್ತು ಅಂತ ಅಮೆರಿಕದಲ್ಲಿ ದೊಡ್ಡ ದೂರೇ ಎದ್ದು, 2010ರ ಡಾಡ್-ಫ್ರಾಂಕ್ ಕಾನೂನಿನಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಒತ್ತಡ ಹಾಕಿದ್ದು ಗೊತ್ತಾದರೆ ಆ ರಿಪೋರ್ಟನ್ನೇ ಬದಿಗಿಟ್ಟು ಹೊಸಬರನ್ನು ಕಳಿಸಬಹುದು. ಮತ್ತೆ ಮೊದಲಿಂದ. ನಿಜಕ್ಕೂ ಅವಸರ ಇದ್ದರೆ, ಹೆಚ್ಚಿನ ಶುಲ್ಕಕ್ಕೆ ಬೇಗ ಮಾಡುವ ವ್ಯವಸ್ಥೆ ಇದೆಯಾ ಅಂತ ಬ್ಯಾಂಕಿನವರನ್ನು ಕೇಳಿ, ಶುಲ್ಕವೂ ಅವರ ಮೂಲಕವೇ ಹೋಗಲಿ.

ಹೆಜ್ಜೆ 5: ಬರುವ ದಿನ

ಸಮಯ ಕೇಳಿದಾಗ 'ಶನಿವಾರ ಸಂಜೆ ಆದರೆ ಅನುಕೂಲ' ಅನ್ನಬೇಡಿ. ಅವರು ಕೊಡುವ ಮೊದಲ ಸಮಯ ತೆಗೆದುಕೊಳ್ಳಿ, ರಜೆ ಹಾಕಬೇಕಾದರೆ ಅರ್ಧ ದಿನ ಹಾಕಿ. ಹಿಂದಿನ ರಾತ್ರಿ ಲೊಕೇಶನ್ ಕಳಿಸಿ, ಜೊತೆಗೆ ಗೇಟಿನ ಒಂದು ಫೋಟೋ. ಮನೆ ನಂಬರ್ ಹೊರಗೆ ಕಾಣುವಂತಿರಲಿ, ಅದರ ಫೋಟೋವನ್ನೂ ಅವರು ತೆಗೆದುಕೊಳ್ಳುತ್ತಾರೆ.

ನಮ್ಮಲ್ಲಿಗೆ ಬಂದವರ ಕೈಯಲ್ಲಿ ಒಂದು ಪುಟ್ಟ ಲೇಸರ್ ಅಳತೆ ಯಂತ್ರ ಇತ್ತು. ಒಂದು ಗೋಡೆಗೆ ಒತ್ತಿ ಹಿಡಿದರೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕಿ, ಟಿಕ್ ಅಂದರೆ ಅಳತೆ ಬಂತು. ಚಿಕ್ಕ ಕೋಣೆಯಲ್ಲಿ ಮಾತ್ರ ಬೀರು ಅಡ್ಡ. ಚುಕ್ಕಿ ಬೀರುವಿನ ಬಾಗಿಲ ಮೇಲೇ ಬಿತ್ತು. ಅದರ ಪಕ್ಕ ರಟ್ಟಿನ ಡಬ್ಬ ಪೇರಿಸಿಟ್ಟಿದ್ದರು, ಅವನ್ನೆಲ್ಲ ಸರಿಸುವ ಹೊತ್ತಿಗೆ ಹತ್ತು ನಿಮಿಷ ಹೋಯ್ತು. ಅವರು ಮಾತಾಡಲಿಲ್ಲ, ಗಡಿಯಾರ ನೋಡಿಕೊಂಡರು. ಹಾಗಾಗಿ ಪ್ರತಿ ಕೋಣೆಯಲ್ಲೂ ಎದುರು ಬದುರು ಗೋಡೆಯ ಒಂದು ಜಾಗವಾದರೂ ಖಾಲಿ ಇರಲಿ.

ಎಲ್ಲ ಬೀಗದ ಕೀ ನಿಮ್ಮ ಜೇಬಿನಲ್ಲಿರಲಿ. ಎಲ್ಲ ಅಂದರೆ ಎಲ್ಲ: ತಾರಸಿ ಬಾಗಿಲು, ಮೆಟ್ಟಿಲ ಕೆಳಗಿನ ಕೋಣೆ, ಮೀಟರ್ ಬಾಕ್ಸ್, ಗ್ಯಾರೇಜ್. ಬಾಡಿಗೆಯವರಿದ್ದರೆ ಎರಡು ದಿನ ಮುಂಚೆ ಹೇಳಿ, ಅವರು ಇರುವುದಿಲ್ಲ ಅಂದರೆ ಕೀ ಇಸಿದುಕೊಳ್ಳಿ. ಮಗು ಮಲಗಿರುವ ಕೋಣೆಯನ್ನು ಮೊದಲು ತೋರಿಸಿಬಿಡಿ. ನಾಯಿಯನ್ನು ಕಟ್ಟಿಹಾಕಿ, 'ಏನೂ ಮಾಡಲ್ಲ' ಅನ್ನುವ ಮಾತನ್ನು ಯಾವ ವ್ಯಾಲ್ಯುಯರ್ ಕೂಡ ನಂಬುವುದಿಲ್ಲ.

ದೀಪ ಎಲ್ಲ ಹಾಕಿ, ಎರಡು ಹಾಳೆ ಮತ್ತು ಪಿಡಿಎಫ್‌ನ ಪ್ರಿಂಟ್ ಕೈಗೆ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿ, ಉಳಿದಂತೆ ದೂರ ಇರಿ. ಹಿಂದೆ ಹಿಂದೆ ಸುತ್ತುತ್ತಾ ವಿವರಿಸುತ್ತಿದ್ದರೆ ಅವರ ಲೆಕ್ಕ ತಪ್ಪುತ್ತದೆ. ಹೊರಡುವಾಗ ಒಂದೇ ಪ್ರಶ್ನೆ: 'ಇನ್ನೇನಾದರೂ ನೋಡೋದು ಬಾಕಿ ಇದೆಯಾ, ಯಾವುದಾದರೂ ಕಾಗದ ಬೇಕಾ?' ನಾನು ಇದನ್ನು ಕೇಳಿರಲಿಲ್ಲ. ಕೇಳಿದ್ದರೆ ಆ ಮೂರನೇ ಬೆಡ್‌ರೂಮಿನ ವಿಷಯ ಅಲ್ಲೇ ಬರುತ್ತಿತ್ತು.

ಹೆಜ್ಜೆ 6: ಬಂದು ಹೋದ ಮೇಲೆ

ಅವತ್ತೇ ಸಂಜೆ ಬ್ಯಾಂಕಿನವರಿಗೆ ಒಂದು ಇಮೇಲ್ ಹಾಕಿ: ಭೇಟಿ ಇವತ್ತು ಮುಗಿಯಿತು, ರಿಪೋರ್ಟ್ ಯಾವತ್ತಿಗೆ ನಿರೀಕ್ಷಿಸಬಹುದು? ಅವರು ಹೇಳಿದ ದಿನ ಬರೆದಿಟ್ಟುಕೊಳ್ಳಿ. ಆ ದಿನದವರೆಗೆ ಸುಮ್ಮನಿರಿ. ದಿನಾ ಫೋನ್ ಮಾಡಿದರೆ ಫೈಲು ಮುಂದೆ ಹೋಗುವುದಿಲ್ಲ, ನಿಮ್ಮ ಕರೆ ಎತ್ತುವುದು ನಿಲ್ಲುತ್ತದೆ. ದಿನ ದಾಟಿದ ಮಾರನೇ ಬೆಳಿಗ್ಗೆ ಕೇಳಿ, ಆದರೆ 'ಏನಾಯ್ತು' ಅಂತ ಅಲ್ಲ. 'ಫೈಲು ಈಗ ಯಾರ ಹತ್ತಿರ ಇದೆ, ಅವರು ಯಾವುದಕ್ಕೆ ಕಾಯುತ್ತಿದ್ದಾರೆ' ಅಂತ ಕೇಳಿ. ಈ ಪ್ರಶ್ನೆಗೆ 'ನೋಡ್ತೀವಿ' ಅಂತ ಹೇಳಿ ತಪ್ಪಿಸಿಕೊಳ್ಳುವುದು ಕಷ್ಟ.

ಪ್ರಶ್ನೆ ಬಂದರೆ ಅವತ್ತೇ ಉತ್ತರ ಕೊಡಿ. ಪೂರ್ತಿ ಉತ್ತರ ಇಲ್ಲದಿದ್ದರೆ ಇರುವಷ್ಟು ಕೊಟ್ಟು, ಉಳಿದದ್ದು ಯಾವತ್ತು ಅಂತ ಹೇಳಿ.

ಹೆಜ್ಜೆ 7: ರಿಪೋರ್ಟ್ ಬಂದ ಗಂಟೆಯಲ್ಲೇ ಓದಿ

ಪ್ರತಿ ಕೇಳಿ ಪಡೆಯಿರಿ. ಕೆಲವು ದೇಶಗಳಲ್ಲಿ ಇದು ನಿಮ್ಮ ಹಕ್ಕು. ಅಮೆರಿಕದಲ್ಲಿ ಸ್ವಂತ ಮನೆಯ ಮೊದಲ ಅಡಮಾನ ಸಾಲಗಳಿಗೆ 2014ರಿಂದ ಅರ್ಜಿದಾರರಿಗೆ ಪ್ರತಿ ಕೊಡಲೇಬೇಕು ಅಂತ ನಿಯಮ ಇದೆ. ಕೊನೇ ಪುಟದ ಅಂಕಿ ನೋಡಿ ಮುಚ್ಚಿಡಬೇಡಿ. ವಿಳಾಸ, ಮಾಲೀಕರ ಹೆಸರು, ಅಳತೆ, ಕೋಣೆ ಮತ್ತು ಬಚ್ಚಲುಮನೆ ಎಷ್ಟು, ಕಟ್ಟಿದ ವರ್ಷ, ಪಾರ್ಕಿಂಗ್, ಹೋಲಿಸಿದ ಮನೆಗಳು ಯಾವುವು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಆಮೇಲೆ ಸಾಲದ ಕಾಗದಗಳ ಹೊತ್ತಿಗೆ ಅದು ಎದ್ದು ಕೂರುತ್ತದೆ. ತಪ್ಪು ಸಿಕ್ಕರೆ ಪುಟ ಸಂಖ್ಯೆ, ಈಗ ಏನಿದೆ, ಏನಿರಬೇಕು, ಸಾಕ್ಷಿ ಯಾವುದು, ಇಷ್ಟನ್ನು ಬರೆದು ಬ್ಯಾಂಕಿಗೆ ಕಳಿಸಿ. ವ್ಯಾಲ್ಯುಯರ್‌ಗೆ ನೇರ ಫೋನ್ ಮಾಡಬೇಡಿ.

ಬೆಲೆ ಕಮ್ಮಿ ಬಂದರೆ

ಒಪ್ಪಿಕೊಂಡ ಬೆಲೆ 100, ಬ್ಯಾಂಕು ಕೊಡುವುದು ಮೌಲ್ಯದ 80 ಶೇಕಡಾ ಅಂತಿಟ್ಟುಕೊಳ್ಳಿ. ರಿಪೋರ್ಟ್‌ನಲ್ಲಿ 94 ಬಂತು. ಸಾಲ 80 ಸಿಗುವ ಕಡೆ 75.2 ಸಿಗುತ್ತದೆ. ಉಳಿದ 4.8 ನಿಮ್ಮ ಕೈಯಿಂದ ಹೋಗಬೇಕು, ಇಲ್ಲವೇ ಮಾರುವವರು ಇಳಿಸಬೇಕು, ಇಲ್ಲವೇ ಇಬ್ಬರೂ ಹಂಚಿಕೊಳ್ಳಬೇಕು. ಈ ಮಾತುಕತೆಯನ್ನು ಅವತ್ತೇ ಶುರು ಮಾಡಿ, ಬೆಲೆಯನ್ನು ಇನ್ನೊಮ್ಮೆ ನೋಡಿ ಅಂತ ಬ್ಯಾಂಕಿಗೆ ಮರುಪರಿಶೀಲನೆಯ ಅರ್ಜಿ ಹಾಕಿದ್ದರೂ ಸರಿ. ಎರಡೂ ಒಟ್ಟಿಗೆ ನಡೆಯಲಿ.

ಮರುಪರಿಶೀಲನೆಯಲ್ಲಿ ಗೆಲ್ಲುವುದು ಸಿಟ್ಟಲ್ಲ, ಸಾಕ್ಷಿ. 'ನಮ್ಮ ಏರಿಯಾದಲ್ಲಿ ಇಷ್ಟು ಕಮ್ಮಿ ಇಲ್ಲವೇ ಇಲ್ಲ' ಅಂದರೆ ಯಾರೂ ಕೇಳುವುದಿಲ್ಲ. ಅಳತೆ ತಪ್ಪಾಗಿದೆ, ಇಲ್ಲಿದೆ ನಕ್ಷೆ, ನೀವು ಹೋಲಿಸಿದ ಮೂರನೇ ಮನೆ ಮುಖ್ಯ ರಸ್ತೆಯ ಗದ್ದಲದಲ್ಲಿದೆ, ಎರಡು ಬೀದಿ ಆಚೆ ನಮ್ಮ ಥರದ್ದೇ ಮನೆ ಎರಡು ತಿಂಗಳ ಹಿಂದೆ ಮಾರಾಟವಾಗಿದೆ, ಇಲ್ಲಿದೆ ವಿವರ, ಹೀಗೆ ಬರೆಯಿರಿ. ಎರಡು ಮೂರು ಗಟ್ಟಿ ಅಂಶ ಸಾಕು, ಹನ್ನೆರಡು ಬೇಡ. ಒಂದೇ ಸಲಕ್ಕೆ ಎಲ್ಲ ಕಳಿಸಿ, ಕಂತಿನಲ್ಲಿ ಕಳಿಸಿದರೆ ಪ್ರತಿ ಕಂತಿಗೂ ಕಾಯಬೇಕು. ಸಾಕ್ಷಿ ಇಲ್ಲ ಅಂತ ನಿಮಗೇ ಅನ್ನಿಸಿದರೆ ಅರ್ಜಿಯನ್ನೇ ಹಾಕಬೇಡಿ, ಆ ದಿನಗಳನ್ನು ಮಾರುವವರ ಜೊತೆ ಮಾತಾಡಲು ಬಳಸಿ.

ರಿಪೋರ್ಟ್‌ನ ತಾರೀಖನ್ನೂ ಗುರುತು ಹಾಕಿಕೊಳ್ಳಿ. ಅದಕ್ಕೆ ಆಯಸ್ಸು ಇದೆ. ಅಮೆರಿಕದ ಎಫ್‌ಎಚ್‌ಎ (ಸರ್ಕಾರಿ ಸಂಸ್ಥೆಯ ವಿಮೆ ಇರುವ) ಸಾಲಗಳಲ್ಲಿ ಅದು 180 ದಿನ, ಬೇರೆ ಕಡೆ ಬೇರೆ. ನಿಮ್ಮ ಬ್ಯಾಂಕಿನಲ್ಲಿ ಎಷ್ಟು ಅಂತ ಕೇಳಿ, ಕ್ಯಾಲೆಂಡರ್‌ನಲ್ಲಿ ಆ ದಿನಕ್ಕಿಂತ ಒಂದು ತಿಂಗಳು ಮುಂಚೆ ಒಂದು ರಿಮೈಂಡರ್ ಹಾಕಿಡಿ.